ಸಾಗವಾನಿ ಹಡಗು, ನಮ್ಮನೆ ಬಾಗಿಲು

ಕೆರೂರಿನವನಿಗೆ ಹಡಗಿನ ಉಸಾಬರಿ ಯಾಕೆ ಅಂತೀರಾ? ನಮ್ಮೂರಲ್ಲಿ ಹುಬ್ಬಳ್ಳಿ-ಸೊಲ್ಲಾಪುರ ಹೈವೇ ಇದೆ, ಸಮುದ್ರ ಇಲ್ಲ. ಹತ್ತಿರದ ಐಹೊಳೆಯ ಮೇಗುತಿ ಗುಡಿಯಲ್ಲಿ ಕ್ರಿ.ಶ. 634ರ ಶಾಸನವಿದೆ. ಇಮ್ಮಡಿ ಪುಲಿಕೇಶಿಯ ನೂರಾರು ಹಡಗುಗಳು ಪುರಿಯನ್ನು ಮುತ್ತಿದ ಕಥೆಯನ್ನ ರವಿಕೀರ್ತಿ ಅದರಲ್ಲಿ ಹೇಳಿದ್ದಾನೆ. ಅದನ್ನ ಕೇಳಿ ಎದೆ ಉಬ್ಬಿಸಿದ್ದೇ ಬಂತು, ಹಡಗು ಹತ್ತಿದ್ದು ಮಾತ್ರ ಮೊನ್ನೆ, ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ :)

ಹೆಸರು ಎಚ್.ಎಂ.ಎಸ್. ಟ್ರಿಂಕೋಮಲಿ. ಹಾಯಿ ಕಟ್ಟಿ ಓಡಿಸುತ್ತಿದ್ದ ಯುದ್ಧದ ಹಡಗು. ನೆಪೋಲಿಯನ್ ಜೊತೆಗಿನ ಯುದ್ಧಗಳಿಂದ ಅಲ್ಲಿ ಓಕ್ ಮರಕ್ಕೇ ಬರ ಬಂದಿತ್ತು. ಹಾಗಾಗಿ ಮುಂಬೈನಲ್ಲಿ ಜಮ್ಷೆಡ್ಜಿ ಬೊಮಾಂಜಿ ವಾಡಿಯಾ ಅವರು ಮಲಬಾರಿನ ಸಾಗವಾನಿಯಲ್ಲಿ ಇದನ್ನ ಕಟ್ಟಿಸಿ 1817ರಲ್ಲಿ ನೀರಿಗಿಳಿಸಿದರು. ಆಮೇಲೆ ಬೇರೆ ಹೆಸರಲ್ಲಿ ಹುಡುಗರ ತರಬೇತಿ ಹಡಗಾಗಿಯೂ ದುಡಿಯಿತು. ಹತ್ತು ವರ್ಷಕ್ಕೂ ಹೆಚ್ಚು ರಿಪೇರಿ ನಡೆದು 2001ರಲ್ಲಿ ಮುಗಿಯಿತು. ಕೆಳಗಿನ ಡೆಕ್ಕಿನಲ್ಲಿ ತಲೆ ಬಗ್ಗಿಸಿಕೊಂಡೇ ನಡೀಬೇಕು. ತೊಲೆ ಮುಟ್ಟಿ ನೋಡಿದೆ. ಕೆಲವು ಕಡೆ ಹೊಸ ಮರ ಸೇರಿಸಿದ್ದಾರೆ, ಹಳೆಯದು ಗಟ್ಟಿ ಇದ್ದಲ್ಲಿ ಹಾಗೇ ಬಿಟ್ಟಿದ್ದಾರೆ. ಇನ್ನೂ ನೀರಲ್ಲಿ ತೇಲ್ತಾ ಇದೆ!

ಜೊತೆಗಿದ್ದ ಗೆಳೆಯನ ವಾದ ಶುರುವಾಯ್ತು: "ನಮ್ಮ ಮರ, ನಮ್ಮ ಬಡಗಿಗಳು, ನಮಗೇ ವಾಪಸ್ ಕೊಡಬೇಕು."

ನನಗೆ ಒಪ್ಪಿಗೆ ಇಲ್ಲ. ಮರ ನಮ್ಮದು ನಿಜ. ಅದನ್ನ ಪಡೆಯೋಕೆ ಕಂಪನಿ ಸರ್ಕಾರ 1806ರಲ್ಲಿ ಮಲಬಾರಿಗೆ ಕ್ಯಾಪ್ಟನ್ ವಾಟ್ಸನ್ ಅನ್ನೋನನ್ನ ಅರಣ್ಯಾಧಿಕಾರಿ ಮಾಡಿ, ಸಾಗವಾನಿಯೆಲ್ಲ ತನ್ನದೇ ಅಂತ ಹೇಳಿ, ಅಲ್ಲಿನವರು ಕಡಿಯೋದನ್ನೇ ನಿಲ್ಲಿಸಿತು. ಜನರ ಸಿಟ್ಟು ಎಷ್ಟಿತ್ತೆಂದರೆ 1823ರಲ್ಲಿ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದ. ಹಡಗಿನ ಪಕ್ಕ ಇದನ್ನೂ ದಪ್ಪಕ್ಷರದಲ್ಲಿ ಬರೆದು ಹಾಕಲಿ ಅಂತ ನಾನು ಬೇಕಾದ್ರೆ ಜಗಳ ಆಡ್ತೀನಿ. ಆದರೆ ವಾಪಸ್ ತಂದು ಏನು ಮಾಡ್ತೀವಿ?

ನಮ್ಮನೇದೇ ಹೇಳ್ತೀನಿ. ಕೆರೂರಿನ ಹಳೇ ಮನೆಗೆ ಮುತ್ತಜ್ಜ ಮಾಡಿಸಿದ ಸಾಗವಾನಿ ಬಾಗಿಲಿತ್ತು. ಆರ್‌ಸಿಸಿ ಮನೆ ಕಟ್ಟುವಾಗ ಹಳೇ ಸಾಮಾನಿನವನು ಬಂದ. "ಒಂದ ಮೂಲ್ಯಾಗ ಹುಳ ಹಿಡದೈತಿ, ಕೊಟ್ಟ ಬಿಡೂಣೇನೋ?" ಅಂತ ಅಪ್ಪ ಫೋನಲ್ಲಿ ಕೇಳಿದ್ರು. ನಾನು ಆಫೀಸಿನ ಮೀಟಿಂಗಲ್ಲಿದ್ದೆ. "ಕೊಟ್ಟ ಬಿಡ್ರಿ" ಅಂದೆ. ಒಂದು ಮೂಲೆ ಅಷ್ಟೇ! ಬಡಗಿ ಕರೆಸಿದ್ರೆ ಎರಡು ದಿನದ ಕೆಲಸ.

ಈಗ ಅಲ್ಲಿ ಫ್ಲಶ್ ಡೋರ್ ಇದೆ. ಮಳೆಗಾಲದಲ್ಲಿ ಉಬ್ಬಿಕೊಂಡು ಚಿಲಕ ಬೀಳಲ್ಲ, ಅವ್ವ ರಾತ್ರಿ ಕಲ್ಲು ಇಟ್ಟು ಮಲಗ್ತಾಳೆ.