ರಾಸುಗಳಿಗೆ ಹಠಾತ್ತಾಗಿ ಬರುವ ಅಪಾಯಗಳೂ ಮೊದಲಿನ ಅರ್ಧ ಗಂಟೆಯೂ

(ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್. ಎಜಿ.)

ಮಳೆಗಾಲದಲ್ಲಿ ಗ್ರಾಮಗಳನ್ನು ಸಂಚರಿಸುವಾಗ ನನ್ನ ಕಿವಿಗೆ ಮೇಲಿಂದ ಮೇಲೆ ಬೀಳುವ ಮಾತೊಂದುಂಟು. "ಬೆಳಿಗ್ಗೆ ಚೆನ್ನಾಗಿಯೇ ಮೇಯುತ್ತಿತ್ತು ಸ್ವಾಮಿ, ಮಧ್ಯಾಹ್ನಕ್ಕೆ ಇಲ್ಲ" ಎಂಬುದೇ ಆ ಮಾತು. ಹೇಳುವವರು ಇದಕ್ಕೆ ದೃಷ್ಟಿಯನ್ನೋ, ಗಾಳಿಯನ್ನೋ, ಹಾವನ್ನೋ ಕಾರಣವಾಗಿ ಎಣಿಸುವರು. ಹಾವು ಕೆಲವು ಸಾರಿ ನಿಜವಾಗಿರಬಹುದು. ಆದರೆ ಅನೇಕ ಸಂದರ್ಭಗಳಲ್ಲಿ ಕಾರಣವು ಆ ದಿನ ರಾಸು ಹೊಕ್ಕು ಮೇದ ಹೊಲದಲ್ಲಿಯೇ ಇದ್ದುದನ್ನು ನಾನು ಕಂಡಿದ್ದೇನೆ.

ನಾನು ಪಶುವೈದ್ಯನಲ್ಲ, ವ್ಯವಸಾಯಶಾಸ್ತ್ರವನ್ನು ಓದಿದವನು. ಆದರೂ ಈ ವಿಷಯವನ್ನು ಬರೆಯಲು ನನಗೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಸೀಮೆಯ ಒಂದು ಗ್ರಾಮದಲ್ಲಿ ಮೇವಿನ ಜೋಳದ ಬೀಜವನ್ನು ಹಂಚಿದೆನು. ಬೆಳೆ ಸೊಗಸಾಗಿ ಬಂದು ಒಂದು ಕೊಯ್ಲಾಯಿತು. ಆ ಬಳಿಕ ಮಳೆ ಹಿಂದೆಗೆದು, ಕೂಳೆಯು ಮೊಣಕಾಲೆತ್ತರ ಚಿಗುರಿ ಬಾಡಿ ನಿಂತಿತ್ತು. ಒಬ್ಬ ವಿಧವೆಯ ಎರಡು ಹಸುಗಳು ಹಗ್ಗ ಹರಿದುಕೊಂಡು ಅದರಲ್ಲಿ ನುಗ್ಗಿದವು. ಕಾಲು ಗಂಟೆಯೊಳಗಾಗಿ ಒಂದು ತತ್ತರಿಸಿ ಬಿದ್ದಿತು. ನೆರೆದ ಜನರು ಹೊಟ್ಟೆಯುಬ್ಬರವೆಂದು ತಿಳಿದು ಗೊಟ್ಟದಿಂದ ಎಣ್ಣೆ ಹುಯ್ದರು; ಅದು ಸಾಲದೆಂದು ಬರೆಯನ್ನೂ ಹಾಕಿದರು. ವೈದ್ಯರಿಗೆ ಹೇಳಿಕಳುಹಿಸಿದ್ದು ಎರಡನೆಯದೂ ಉರುಳಿದ ಮೇಲೆ. ಅವರು ಬರುವಷ್ಟರಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಎಳೆಜೋಳದಲ್ಲಿ ವಿಷವುಂಟೆಂಬುದನ್ನು ನಾನು ಓದಿದ್ದೆನು. ಬೀಜ ಕೊಡುವ ದಿನ ಸಾಲಿನ ಅಂತರ, ಗೊಬ್ಬರದ ಪ್ರಮಾಣ ಎಲ್ಲವನ್ನೂ ವಿವರಿಸಿದ್ದೆನು, ಇದೊಂದನ್ನು ಹೇಳಿರಲಿಲ್ಲ.

ಈ ವಿಷವು ಹೊಸ ಸಂಗತಿಯೇನೂ ಅಲ್ಲ. ಎಳೆಯ ಜೋಳದಲ್ಲಿರುವ ಒಂದು ಪದಾರ್ಥವು ಒಡೆದು ಸಯನೈಡು ಜಾತಿಯ ವಿಷವಾಗುವುದೆಂಬುದನ್ನು ಡನ್‌ಸ್ಟನ್ ಮತ್ತು ಹೆನ್ರಿ ಎಂಬ ರಸಾಯನ ಶಾಸ್ತ್ರಜ್ಞರು 1902ರಲ್ಲಿಯೇ ಪ್ರಕಟಿಸಿದರು. ಮೊಣಕಾಲೆತ್ತರದ ಪೈರು, ಮಳೆಯಿಲ್ಲದೆ ಬಾಡಿದ ಪೈರು, ಕೊಯ್ದ ಮೇಲೆ ಒಡೆದ ಕೂಳೆ, ಇವುಗಳಲ್ಲಿ ಅದು ಹೆಚ್ಚು. ತೆನೆ ಕಟ್ಟಿದ ಮೇಲೆ ಬಹಳ ಕಡಿಮೆ. ಕೊಯ್ದು ಚೆನ್ನಾಗಿ ಒಣಗಿಸಿದರೂ ತಗ್ಗುವುದು. ಹಸಿದ ರಾಸು ಆತುರದಿಂದ ಮೇದರೆ ಅಪಾಯವು ಇಮ್ಮಡಿ.

ಉಬ್ಬರಕ್ಕೂ ಇದಕ್ಕೂ ಇರುವ ಭೇದವನ್ನು ಗ್ರಾಮದಲ್ಲಿ ನಾಲ್ಕು ಮಂದಿಯಾದರೂ ತಿಳಿದಿರಬೇಕು. ಉಬ್ಬರದಲ್ಲಿ ಮೊದಲು ಕಾಣುವುದು ಎಡಪಕ್ಕೆಯ ಊತ. ಪಕ್ಕೆಲುಬಿನ ಹಿಂದಿನ ಕುಳಿಯು ತುಂಬಿಕೊಂಡು ಬೆರಳಿನಿಂದ ತಟ್ಟಿದರೆ ತಮಟೆಯಂತೆ ಶಬ್ದವಾಗುವುದು. ಉಸಿರಿನ ಕಷ್ಟವು ಆಮೇಲೆ. ಜೋಳದ ವಿಷದಲ್ಲಿ ಉಸಿರು ಕೆಡುವುದೇ ಮೊದಲು. ರಾಸು ಏದುತ್ತ, ನಡುಗುತ್ತ, ಕಾಲು ಮಡಿಸಿ ಬೀಳುವುದು. ತುಟಿಯ ಒಳಭಾಗವನ್ನು ತಿರುಗಿಸಿ ನೋಡಿದರೆ ಮೊದಮೊದಲು ಕಡುಕೆಂಪಾಗಿ ಹೊಳೆಯುವುದು. ಹೊಟ್ಟೆ ಸ್ವಲ್ಪ ಊದಿದರೂ ಊದಬಹುದು, ಅದರಿಂದ ಮೋಸಹೋಗಕೂಡದು.

ಉಬ್ಬರವಾದರೆ ಮನೆಯವರು ಮಾಡತಕ್ಕ ಕೆಲಸವುಂಟು. ರಾಸನ್ನು ಮಲಗಗೊಡದೆ, ಮುಂಗಾಲುಗಳು ಎತ್ತರದಲ್ಲಿರುವಂತೆ ದಿಬ್ಬದ ಮೇಲೆ ನಿಲ್ಲಿಸಬೇಕು. ಬಾಯಿಗೆ ಅಡ್ಡಲಾಗಿ ಒಂದು ನಯವಾದ ಕೋಲನ್ನು ಕಡಿವಾಣದಂತೆ ಕಟ್ಟಿದರೆ ಅದನ್ನು ಅಗಿಯುತ್ತ ಜೊಲ್ಲು ಸುರಿದು ತೇಗು ಬರಲು ಅನುಕೂಲವಾಗುವುದು. ಇಬ್ಬನಿಯಲ್ಲಿ ನೆನೆದ ಎಳೆ ಅಲಸಂದೆ, ಕುದುರೆಮಸಾಲೆ ಸೊಪ್ಪುಗಳಿಂದ ಬಂದ ನೊರೆಯ ಉಬ್ಬರಕ್ಕೆ ಕಾಲಿನಿಂದ ಅರ್ಧ ಲೀಟರು ಕಡಲೇಕಾಯಿ ಎಣ್ಣೆಯು ಒಳ್ಳೆಯದು. ಅದು ನೊರೆಯನ್ನು ಒಡೆಯುವುದು. ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ, ರಾಸು ನುಂಗಿದುದನ್ನು ನೋಡಿಕೊಂಡು ಹಾಕಬೇಕು. ತಲೆಯನ್ನು ಆಕಾಶಕ್ಕೆ ಎತ್ತಿ ನಾಲಗೆಯನ್ನು ಹಿಡಿದೆಳೆದು ಗೊಟ್ಟ ಹಾಕುವ ನಮ್ಮ ಪದ್ಧತಿಯಿಂದ ಔಷಧವು ಶ್ವಾಸಕೋಶಕ್ಕೆ ಇಳಿಯುವುದು. ರೋಗದಿಂದ ಉಳಿದ ರಾಸು ಗೊಟ್ಟದಿಂದ ಸತ್ತುದನ್ನು ನಾನು ಕಂಡಿದ್ದೇನೆ.

ಬಿದ್ದ ರಾಸಿಗೆ, ನಡುಕ ಹತ್ತಿದ ರಾಸಿಗೆ ಬಾಯಿಯಿಂದ ಏನನ್ನೂ ಕೊಡಬಾರದು. ಜೋಳದ ವಿಷಕ್ಕೆ ಮನೆಯ ಮದ್ದಿಲ್ಲ. ಹೊಲದಲ್ಲಿರುವ ಮಿಕ್ಕ ದನಗಳನ್ನು ಕೂಡಲೇ ಹೊರಡಿಸಿ ವೈದ್ಯರಿಗೆ ತಿಳಿಸಬೇಕು. ತಿಳಿಸುವಾಗ "ಜೋಳ ಮೇದಿದೆ" ಎಂಬ ಎರಡು ಮಾತು ಮುಖ್ಯ, ಏಕೆಂದರೆ ರಕ್ತನಾಳಕ್ಕೆ ಕೊಡತಕ್ಕ ಔಷಧವನ್ನು ಅವರು ಜೊತೆಯಲ್ಲಿ ತರಬೇಕಾಗುವುದು. ಛಾಯಾಚಿತ್ರಗಾರರು ಹೈಪೋ ಎಂದು ಕರೆಯುತ್ತಿದ್ದ ಉಪ್ಪೇ ಅದರಲ್ಲೊಂದು. ಗುಂಡಿಗೆ ಬಡಿಯುತ್ತಿರುವವರೆಗೆ ಆಸೆ ಬಿಡಬೇಕಾದುದಿಲ್ಲ.

ಬರೆ ಹಾಕುವ ವಿಷಯವಾಗಿ ಹಿರಿಯರಲ್ಲಿ ನನ್ನ ಅರಿಕೆ. ಅದರಿಂದ ಗುಣವಾಯಿತೆಂದು ತಾವು ಹೇಳುವ ಎತ್ತು ಬರೆಯಿಲ್ಲದೆಯೂ ಗುಣವಾಗುತ್ತಿತ್ತು. ಬರೆಗೆ ಕಬ್ಬಿಣವನ್ನು ಕಾಯಿಸುವಷ್ಟು ಹೊತ್ತು ಇಂಥ ರೋಗದಲ್ಲಿ ಪ್ರಾಣದ ಬೆಲೆಯುಳ್ಳದ್ದು.

ವೈದ್ಯರು ದೂರವಿರುವರೆಂಬ ಆಕ್ಷೇಪಣೆಯು ಸುಳ್ಳಲ್ಲ. ಈಗ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನವು ಬರುವ ಏರ್ಪಾಡುಂಟು. ಆದರೆ ವಾಹನವು ಎಷ್ಟು ವೇಗವಾಗಿ ಬಂದರೂ ಮೊದಲಿನ ಅರ್ಧ ಗಂಟೆ ಗ್ರಾಮದವರದೇ. ದೊಡ್ಡರೋಗವು 2011ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಗಳಲೆ, ಚಪ್ಪೆಬೇನೆಗಳಿಗೆ ಲಸಿಕೆಯುಂಟು. ಉಬ್ಬರಕ್ಕೂ ಎಳೆಜೋಳದ ವಿಷಕ್ಕೂ ಲಸಿಕೆಯಿಲ್ಲ. ಆದುದರಿಂದ ಪ್ರತಿ ಹಾಲಿನ ಸಂಘದಲ್ಲಿಯೂ ವೈದ್ಯರ ಸಂಖ್ಯೆಯನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿಸಿ, ಎಣ್ಣೆಯ ಸೀಸೆಯೊಂದನ್ನೂ ಬಾಯಿಕೋಲನ್ನೂ ಇಟ್ಟಿರಬೇಕೆಂದು ನನ್ನ ಅಭಿಪ್ರಾಯ. ಎಡಪಕ್ಕೆಗೆ ತೂತು ಮಾಡಿ ಗಾಳಿ ಬಿಡುವ ಟ್ರೋಕಾರನ್ನೂ ಎಲ್ಲರಿಗೆ ಕೊಡಬೇಕೆಂದು ಕೆಲವರು ವಾದಿಸುವರು. ಇದನ್ನು ನಾನು ಒಪ್ಪುವುದಿಲ್ಲ. ವೈದ್ಯರ ಕೈಕೆಳಗೆ ಕಲಿತ ಇಬ್ಬರ ವಶದಲ್ಲಿ ಅದು ಇರಲಿ; ಉಳಿದವರ ಕೈಯಲ್ಲಿ ಅದೂ ಒಂದು ಬರೆಯೇ ಆದೀತು.

ಇನ್ನೊಂದು ಎಚ್ಚರಿಕೆ. ರಾಸು ಹಠಾತ್ತಾಗಿ ಸತ್ತು, ಹೆಣವು ಬೇಗನೆ ಊದಿಕೊಂಡು, ಮೂಗು ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪುರಕ್ತ ಸುರಿದರೆ, ಅದನ್ನು ಉಬ್ಬರವೆಂದು ಬಗೆದು ಸುಲಿಯಗೊಡಬಾರದು. ಅದು ಅಂಥ್ರಾಕ್ಸ್ ಎಂಬ ಬೇನೆಯಾಗಿರಬಹುದು; ಮನುಷ್ಯರಿಗೂ ಅಂಟುವುದು. ಹೆಣವನ್ನು ಕೊಯ್ದರೆ ಅದರ ಬೀಜಾಣುಗಳು ಆ ನೆಲದಲ್ಲಿ ಹತ್ತಾರು ವರ್ಷ ಬದುಕಿರುವುವು. ವೈದ್ಯರು ಬಂದು ನೋಡುವವರೆಗೆ ನಾಯಿನರಿಗಳು ಮುಟ್ಟದಂತೆ ಕಾವಲಿರಿಸಿ, ಅವರು ಹೇಳಿದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿಸಬೇಕು. ಚರ್ಮದ ಬೆಲೆ ಹೋಯಿತೆಂದು ತಕರಾರು ಬಂದೇ ಬರುವುದು. ಅಲ್ಲಿ ಗ್ರಾಮದ ಮುಖ್ಯಸ್ಥರಾದ ತಾವು ನಿಂತು ಹೇಳಿದರೆ ನಡೆಯುವಂತೆ ನಮ್ಮಂಥ ನೌಕರರು ಹೇಳಿದರೆ ನಡೆಯುವುದಿಲ್ಲ.

ನಾನು ಈಗ ಹಂಚುವ ಜೋಳದ ಬೀಜದ ಪ್ರತಿ ಚೀಲದೊಂದಿಗೆ "ತೆನೆ ಬರುವವರೆಗೆ ಮೇಯಿಸಬಾರದು, ಕೂಳೆಗೆ ರಾಸನ್ನು ಬಿಡಬಾರದು" ಎಂದು ಕೈಯಿಂದ ಬರೆದ ಚೀಟಿಯನ್ನು ಕೊಡುತ್ತಿದ್ದೇನೆ. ಓದಲು ಬಾರದವರಿಗೆ ಓದಿಯೂ ಹೇಳುತ್ತೇನೆ. ಚೀಟಿಯನ್ನು ಅಚ್ಚು ಹಾಕಿಸಿಕೊಡಬೇಕೆಂದು ಮೇಲಿನವರಿಗೆ ಬರೆದುಕೊಂಡಿದ್ದೇನೆ.