ಎರಡಾಣೆಗೆ ಬಾಗಿಲಿಗೆ ಬಂದ ಬ್ಯಾಂಕು ಈಗೆಲ್ಲಿ?

ಮಣಿಪಾಲ ಎಂದರೆ ನಮ್ಮ ಕಡೆಯ ಜನರಿಗೆ ನೆನಪಾಗುವುದು ಮಕ್ಕಳ ಸೀಟು ಮತ್ತು ದೊಡ್ಡಾಸ್ಪತ್ರೆ. 1953ರಲ್ಲಿ ವೈದ್ಯಕೀಯ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಕಂಡ ಆ ಮುರಕಲ್ಲಿನ ಗುಡ್ಡ ಇಂದು ಮೊಬೈಲಿನಲ್ಲೇ ನಡೆಯುವ ಊರು. ಹಾಲು, ಆಟೋ, ಬಿರಿಯಾನಿ ಎಲ್ಲವೂ ಬೆರಳ ತುದಿಯಲ್ಲಿ. ಉಡುಪಿಯಲ್ಲಿ ಶಂಕರಪುರ ಮಲ್ಲಿಗೆ ಮಾರುವ ಕಡೆಯೂ ಕ್ಯೂಆರ್ ಚೀಟಿ, ಕಾಪುವಿನ ಮೀನಿನ ಬುಟ್ಟಿಯ ಪಕ್ಕದಲ್ಲೂ ಚೀಟಿ, ಕಾರ್ಕಳದ ಗೂಡಂಗಡಿಯಲ್ಲೂ ಚೀಟಿ. ಇದೇ ಪ್ರಗತಿ ಎಂದು ವೇದಿಕೆ ಹತ್ತಿ ಹೇಳುವವರಿಗೆ ನನ್ನದೊಂದು ಪ್ರಶ್ನೆ. ಆ ಮೀನಿನ ಬುಟ್ಟಿಯ ತಾಯಿಯಿಂದ ದಿನಕ್ಕೆ ಇಪ್ಪತ್ತು ರೂಪಾಯಿ ಉಳಿತಾಯಕ್ಕೆ ಕಟ್ಟಿಸಿಕೊಳ್ಳಲು ಅವಳ ಬಳಿಗೆ ಹೋಗುವವರು ಯಾರಿದ್ದಾರೆ?

ಇದೇ ಊರು ಒಮ್ಮೆ ಇದಕ್ಕೆ ಉತ್ತರ ಕೊಟ್ಟಿತ್ತು. ಕೈಮಗ್ಗದ ನೇಕಾರರು ಸೋತು ಕೂತಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ಅವರ ತಮ್ಮ ವೈದ್ಯ ಟಿ.ಎಂ.ಎ. ಪೈ, ವಾಮನ ಕುಡ್ವ ಈ ಮೂವರು 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಬ್ಯಾಂಕು ತೆರೆದರು. (ಕುಡ್ವರು ಇಂಜಿನಿಯರ್. ನಮ್ಮ ವೃತ್ತಿಯವರು ಬರೀ ಸೇತುವೆ ಕಟ್ಟಿಲ್ಲ.) ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಇದ್ದರೆ ಸಾಕು, ಬ್ಯಾಂಕಿನವನೇ ಬಾಗಿಲಿಗೆ ಬಂದು ಪಡೆದು, ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ದಿನವೂ ತಪ್ಪದೆ ಕಟ್ಟಿದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಬಡವನ ಕೈಯಲ್ಲಿ ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾದಲ್ಲಿ ಲೀನವಾಯಿತು. ಉಡುಪಿಯಲ್ಲೇ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿತು. ಹೆಸರು ಹೋದದ್ದಕ್ಕೆ ನನಗೆ ದುಃಖವಿಲ್ಲ, ಹೆಸರು ಬೋರ್ಡಿನ ಮಾತು. ಬಾಗಿಲಿಗೆ ಬರುವ ಪದ್ಧತಿಯನ್ನೂ ಹಳೇ ಕಾಲದ್ದೆಂದು ಮೂಲೆಗೆ ತಳ್ಳುತ್ತಿರುವುದಕ್ಕೆ ನನ್ನ ತಕರಾರು.

"ಉಳಿತಾಯಕ್ಕೂ ಆ್ಯಪ್ ಇದೆಯಲ್ಲ ಸರ್" ಎಂದು ಹುಡುಗರು ಹೇಳುತ್ತಾರೆ. ಇದೆ, ನಿಜ. ಆದರೆ ನೀರು ಇಳಿಜಾರಿಗೆ ತಾನೇ ಹರಿಯುತ್ತದೆ, ಏರಿಗೆ ಹತ್ತಿಸಲು ಪಂಪು ಬೇಕು. 2016ರಲ್ಲಿ ಬಂದ ಯುಪಿಐ ಖರ್ಚಿಗೆ ಎಂಥ ಇಳಿಜಾರು ಮಾಡಿಕೊಟ್ಟಿದೆ ನೋಡಿ! ಸಂಜೆಯ ಗಳಿಕೆ ಎಣಿಸಿ, ಒಂದಿಷ್ಟು ತೆಗೆದಿಡುವ ಅಭ್ಯಾಸವೇ ಸಡಿಲಾಗಿದೆ. ಮನೆಯವರೆಗೆ ಬರುವ ಹುಡುಗರು ಈಗಲೂ ಇದ್ದಾರೆ, ತಿಂಡಿಯ ಪೊಟ್ಟಣ ಹಿಡಿದು. ಫೋನಿನಲ್ಲಿ ಸಾಲದ ಆ್ಯಪ್ ಕೂಡ ಕರೆಯದೆ ಬರುತ್ತದೆ. ಕೂಡಿಡಿ ಎನ್ನಲು ಮಾತ್ರ ಯಾರೂ ಬರುವುದಿಲ್ಲ.

ಯಂತ್ರ ಬೇಡ ಎನ್ನುವವನಲ್ಲ ನಾನು. ಪಿಗ್ಮಿಯಲ್ಲೂ ಮೋಸ ನಡೆದಿದೆ, ಕಟ್ಟಿದ ಹಣ ಪುಸ್ತಕದಲ್ಲಷ್ಟೇ ಉಳಿದದ್ದುಂಟು. ಸಂಗ್ರಾಹಕನ ಕೈಯಲ್ಲಿ ರಸೀದಿ ಕೊಡುವ ಯಂತ್ರ, ಆ ಕ್ಷಣವೇ ಗ್ರಾಹಕನಿಗೆ ಎಸ್ಎಂಎಸ್ ಇದ್ದರೆ ಅದಕ್ಕೆ ತಡೆ ಬೀಳುತ್ತದೆ. ತಂತ್ರಜ್ಞಾನವನ್ನು ದುಡಿಸಿಕೊಳ್ಳಬೇಕಾದದ್ದು ಇಲ್ಲಿ.

ಇನ್ನೊಂದು ಮಾತು, ಇದು ನಮ್ಮವರಿಗೇ. ಮನೆಮನೆ ತಿರುಗಿ ದುಡಿಯುವವನನ್ನು "ಕಮಿಷನ್ ಏಜೆಂಟ್" ಎಂದು ಬ್ಯಾಂಕುಗಳು ದಶಕಗಳ ಕಾಲ ದೂರವಿಟ್ಟವು. ಠೇವಣಿ ಸಂಗ್ರಾಹಕರು ಕಾರ್ಮಿಕರೇ, ಅವರ ಕಮಿಷನ್ ವೇತನವೇ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು, ಅದೂ ಸಿಂಡಿಕೇಟ್ ಬ್ಯಾಂಕಿನ ಕೆಲಸಗಾರರ ಪ್ರಕರಣದಲ್ಲೇ. ಕಾಯಕದ ಮಾತನ್ನು ದಿನವೂ ಆಡುವ ನಾವು ಏನು ಮಾಡುತ್ತಿದ್ದೇವೆ? ನಮ್ಮ ಸಮಾಜದವರು ನಡೆಸುವ ಪತ್ತಿನ ಸಹಕಾರಿ ಸಂಘಗಳಲ್ಲಿ ಪಿಗ್ಮಿ ಇನ್ನೂ ಉಸಿರಾಡುತ್ತಿದೆ. ಮಳೆಯಲ್ಲಿ ನೆನೆದು ಹಣ ತರುವ ಆ ತಂಗಿ, ಆ ತಮ್ಮ ಅಲ್ಲಿ ಏನಾಗಿದ್ದಾರೆ? ನೌಕರರೇ, ಹೊರಗಿನವರೇ?

ಸಂಘದ ಮುಂದಿನ ವಾರ್ಷಿಕ ಸಭೆಗೆ ಹೋದಾಗ, ಡಿವಿಡೆಂಡ್ ಎಷ್ಟು ಎಂದು ಕೇಳುವ ಮುಂಚೆ ಎದ್ದು ನಿಂತು ಇಷ್ಟು ಕೇಳಿ: ಪಿಗ್ಮಿ ಸಂಗ್ರಹಿಸುವವರಿಗೆ ನೇಮಕದ ಪತ್ರ ಕೊಟ್ಟಿದ್ದೀರಾ? ಗ್ರಾಚ್ಯುಟಿ ಇದೆಯೇ? ಊರ ಕೊನೆಯ ಕೇರಿಗೆ ಅವರನ್ನು ವಾರದಲ್ಲಿ ಎಷ್ಟು ದಿನ ಕಳಿಸುತ್ತೀರಿ?