ಎಂಜಿನ್ ಬಿಚ್ಚಿದಾಗ ಗೇರಿನ ಗುರುತು ನೋಡಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಕರೆಂಟ್ ಕೈಕೊಟ್ಟಾಗ ಕಬ್ಬಿಗೆ ನೀರು ಹಾಯಿಸಲು ಡೀಸೆಲ್ ಎಂಜಿನ್ನೇ ಗತಿ. ಅದನ್ನು ಬಿಚ್ಚಿಸಿದಾಗ ಲೈನರ್, ಪಿಸ್ಟನ್, ರಿಂಗ್ ಹೊಸದೋ ಅಂತ ಕೇಳ್ತೇವೆ. ಟೈಮಿಂಗ್ ಗೇರಿನ ಗುರುತು ಕೂಡಿಸೋದನ್ನು ನಿಂತು ನೋಡುವವರು ಕಡಿಮೆ. ನೋಡಲೇಬೇಕು ಅನ್ನೋದು ನನ್ನ ವಾದ.

ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಶಾಫ್ಟ್ ಒಂದು ಸುತ್ತು. 1500 ಸುತ್ತಿನ ಎಂಜಿನ್ನಲ್ಲಿ ಒಂದೊಂದು ವಾಲ್ವ್ ನಿಮಿಷಕ್ಕೆ 750 ಸಲ ತೆರೀತದೆ. ಹೊಗೆಯ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಗಾಳಿಯ ವಾಲ್ವ್ ತೆರೆಯೋದೇ ಓವರ್‌ಲ್ಯಾಪ್. ಹೊರಬೀಳುವ ಹೊಗೆಯ ಸೆಳೆತಕ್ಕೆ ಹೊಸ ಗಾಳಿ ಒಳಗೆ ಬರಲಿ ಅಂತ ಈ ಏರ್ಪಾಡು. ಓಟದ ಬೈಕಿಗೆ ಇದು ಹೆಚ್ಚು ಬೇಕು, ನಮ್ಮ ಪಂಪಿನ ಎಂಜಿನ್ನಿಗೆ ಸ್ವಲ್ಪ ಸಾಕು.

"ಒಂದು ಹಲ್ಲು ಮುಂದ ಹಾಕಿದ್ರ ಪವರ್ ಬರ್ತದ್ರೀ" ಅನ್ನೋ ಮಿಸ್ತ್ರಿಗಳಿದ್ದಾರೆ. ಒಪ್ಪಬೇಡಿ. ಅದರಿಂದ ಓವರ್‌ಲ್ಯಾಪ್ ಹೆಚ್ಚೋದಿಲ್ಲ, ಜಾಗ ಬಿಟ್ಟು ಸರೀತದೆ ಅಷ್ಟೇ. ಕ್ಯಾಮ್ ಗೇರಿಗೆ 60 ಹಲ್ಲಿದ್ದರೆ ಒಂದು ಹಲ್ಲಿಗೆ ಕ್ರ್ಯಾಂಕಿನಲ್ಲಿ 12 ಡಿಗ್ರಿ ವ್ಯತ್ಯಾಸ. ಡೀಸೆಲ್ ಪಂಪನ್ನೂ ಅದೇ ಶಾಫ್ಟ್ ಒತ್ತುತ್ತಿದ್ದರೆ ಡೀಸೆಲ್ ಬೀಳುವ ಹೊತ್ತೂ ತಪ್ಪಿತು. ಡೀಸೆಲ್ ಎಂಜಿನ್ನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವಿನ ಸಂದು ಬಹಳ ಕಡಿಮೆ. ಬಡಿದರೆ ವಾಲ್ವ್ ಬಾಗ್ತದೆ. ಖರ್ಚು ಯಾರ ತಲೆಗೆ?

1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ತಾವೇ ಬ್ಯಾರೇಜ್ ಕಟ್ಟಿದ ರೈತರ ಸೀಮೆ ಇದು. ಎರಡು ಗೇರಿನ ಗುರುತು ನೋಡೋದು ನಮಗೇನು ಕಷ್ಟ? ಮುಚ್ಚಳ ಹಾಕುವ ಮೊದಲು ತೋರಿಸು ಅನ್ನಿ. ಟ್ಯಾಪೆಟ್ ಸಂದನ್ನೂ ಕಂಪನಿ ಪುಸ್ತಕದ ಅಳತೆಗೆ ಫೀಲರ್ ಗೇಜ್ ಇಟ್ಟೇ ಕೂಡಿಸಲಿ. ಸಂದು ಹೆಚ್ಚಾದರೆ ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ. ತೀರಾ ಬಿಗಿಯಾದರೆ ಪೂರ್ತಿ ಮುಚ್ಚೋದೇ ಇಲ್ಲ, ಕಂಪ್ರೆಶನ್ ಹೋಗಿ ವಾಲ್ವ್ ಸುಡ್ತದೆ.